ಗೆರೆಯಣ್ಣನ ಕಣ್ಣು

ನಾಳೆ ಸಂಜೆ ನಾಲ್ಕಕ್ಕೆ ಗೆರೆಯಣ್ಣನ ಬೀಳ್ಕೊಡುಗೆಯಲ್ಲಿ ನೀವೂ ಎರಡು ಮಾತಾಡಬೇಕು ಎಂದು ಮುಖ್ಯಸ್ಥರು ನಿನ್ನೆ ಹೇಳಿಹೋದಾಗಿನಿಂದ ಅವಳಿಗೆ ಆ ಎರಡು ಮಾತು ಯಾವುವು ಎಂಬುದು ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ತಪ್ಪು ನನ್ನದು. ಬೆರಳು ಮಡಚಿ ಎಣಿಸಿದರೂ ಎರಡೇ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಅವನ್ನು ಬಾಯೊಳಗೇ ಹೇಳಿಕೊಂಡಿದ್ದಳು, ಪಕ್ಕದಲ್ಲಿದ್ದ ಹೆಂಗಸು ತನಗೇನೋ ಹೇಳಿದಳೆಂದು ತಿರುಗಿ ನೋಡಿದಾಗ ಕೆಮ್ಮಿದ ಹಾಗೆ ಮಾಡಿದ್ದಳು. ಈಗ ಪದರ ಕೂರಿಸುವ ಉಕ್ಕಿನ ಕೊಪ್ಪರಿಗೆಯ ಮುಚ್ಚಳ ಹಾಕಿ, ಪಂಪು ಒಳಗಿನ ಗಾಳಿಯನ್ನು ಹೀರುವ ಏಕತಾನದ ಗುಂಯ್ ಸದ್ದಿನ ಮುಂದೆ ಕೈಕಟ್ಟಿ ಕೂತು, ಮೀಟರಿನ ಅಂಕಿ ಇಳಿಯುವುದನ್ನು ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಗಾಜಿನ ಬಿಲ್ಲೆಗಳ ಮೇಲೆ, ಕೂದಲೆಳೆಯ ದಪ್ಪವನ್ನು ಮುನ್ನೂರು ಪಾಲು ಮಾಡಿದರೆ ಒಂದು ಪಾಲಿನಷ್ಟು ತೆಳ್ಳನೆಯ ಆಕ್ಸೈಡ್ ಪದರ, ಇಲ್ಲಿಯವರ ಬಾಯಲ್ಲಿ ಫಿಲ್ಮು, ಕೂರಿಸುವುದು. ಕೂತಿದೆಯೋ ಇಲ್ಲವೋ ಕಣ್ಣಿಗೆ ಕಾಣದು. ಗಾಜನ್ನು ಓರೆ ಹಿಡಿದರೆ ಎಣ್ಣೆ ಸವರಿದ ಹಾಗೆ ಒಂದು ನೀಲಿ ಛಾಯೆ ಮೂಡಿ ಮಾಯವಾಗುತ್ತದೆ, ಅಷ್ಟೇ. ಆಮೇಲೆ ಆ ಗಾಜು ಕೆಳಗಿನ ಮಹಡಿಯ ಲೇಸರ್ ಕೋಣೆಗೆ ಹೋಗುತ್ತದೆ. ಅಲ್ಲಿ ಸೆಕೆಂಡನ್ನು ಕೋಟಿ ಚೂರು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಚೂರು ಮಾಡಿದರೆ ಸಿಗುವಂಥ ಹತ್ತಿಪ್ಪತ್ತು ಚೂರು ಹೊತ್ತು ಮಾತ್ರ ಬೆಳಕು ಬಂದು ಬಡಿದು ಹೋಗುತ್ತದೆ. ಬಿಸಿ ಪಕ್ಕಕ್ಕೆ ಹರಿಯಲಿಕ್ಕೂ ಪುರಸೊತ್ತಿಲ್ಲ. ಬಡಿದ ಕಡೆಯೆಲ್ಲ ಪದರ ತನ್ನಷ್ಟಕ್ಕೆ ತಾನೇ ಸಾಲುಸಾಲಾಗಿ ಏಳುತ್ತದೆ, ಉತ್ತ ಹೊಲದ ಹಾಗೆ. ಆ ಸಾಲುಗಳು ನೇರವಾಗಿ ಎದ್ದರೆ ಬಿಲ್ಲೆ ಬಣ್ಣ ಹೊಮ್ಮಿಸುತ್ತದೆ. ತುಂಡಾಗಿ, ಒಂದಕ್ಕೊಂದು ಅಂಟಿಕೊಂಡು ಎದ್ದರೆ ಸುಟ್ಟ ಕಲೆ.

ಆ ಸಾಲುಗಳನ್ನು ಎಬ್ಬಿಸುತ್ತಿದ್ದವನು ಗೆರೆಯಣ್ಣ. ಯಾರು ಇಟ್ಟ ಹೆಸರೋ, ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದ್ದರೂ ಬಾಗಿಲು ಕಾಯುವವನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ಅವನು ಗೆರೆಯಣ್ಣನೇ. ಚಿಕ್ಕಂದಿನಿಂದ ಎಡಗಣ್ಣು ಹೆಸರಿಗೆ ಮಾತ್ರ, ಬೆಳಕು ಕತ್ತಲೆ ಬಿಟ್ಟರೆ ಅದಕ್ಕೇನೂ ತಿಳಿಯದು. ಆದರೆ ಬಲಗಣ್ಣನ್ನು ಮೈಕ್ರೋಸ್ಕೋಪಿಗೆ ಒತ್ತಿ, ತಿರುಪನ್ನು ಎರಡು ಬೆರಳಲ್ಲಿ ಹಿಡಿದು, ಮಗುವಿನ ಕಿವಿಯಿಂದ ನೀರು ತೆಗೆಯುವವನ ಹಾಗೆ ಉಸಿರು ಬಿಗಿಹಿಡಿದು ಅವನು ಫೋಕಸ್ ಕೂರಿಸಿದರೆ ಯಂತ್ರ ಕೂರಿಸಿದ್ದಕ್ಕಿಂತ ಸರಿ ಇರುತ್ತಿತ್ತು. "ಇರೋದು ಒಂದೇ ಕಣ್ಣು ತಂಗಿ, ಅದಕ್ಕೇ ಎರಡರ ಕೆಲಸ ಕಲಿಸಿದೀನಿ" ಎನ್ನುತ್ತಿದ್ದ. ಎರಡು ವರ್ಷದ ಹಿಂದೆ ಬಿಲ್ಲೆಗಳು ಕೆಡತೊಡಗಿದವು. ಹತ್ತರಲ್ಲಿ ಮೂರು, ಆಮೇಲೆ ಆರು. ಗೆರೆಗಳು ನಡುವೆ ತುಂಡಾಗುತ್ತಿದ್ದವು, ಮೂಲೆಯಲ್ಲಿ ಕಲಸಿಹೋಗುತ್ತಿದ್ದವು. ಮುಖ್ಯಸ್ಥರು ಸಭೆ ಕರೆದು ಯಾರನ್ನೂ ದೂರುತ್ತಿಲ್ಲ ಎಂದು ಶುರುಮಾಡಿದ್ದರು. ಲೇಸರಿನ ಶಕ್ತಿ ನೋಡಿಯಾಯಿತು, ಕನ್ನಡಿ ನೋಡಿಯಾಯಿತು, ಮೇಜಿನ ಅದುರು ನೋಡಿಯಾಯಿತು. "ಫಿಲ್ಮು?" ಎಂದು ಅವಳ ಕಡೆ ತಿರುಗಿದಾಗ ಅವಳು ಪುಸ್ತಕ ತೆರೆದು ತೋರಿಸಿದ್ದಳು: ದಪ್ಪ ಸರಿಯಿದೆ, ಕೊಪ್ಪರಿಗೆ ಶುಚಿ ಮಾಡಿದ ದಿನಾಂಕ ಇದೆ, ಸಹಿ ಇದೆ. ಎಲ್ಲರೂ ಪುಸ್ತಕ ನೋಡಿದರು, ಆಮೇಲೆ ಒಬ್ಬರಾದ ಮೇಲೊಬ್ಬರು ನೋಡಬಾರದೆಂದುಕೊಂಡೇ ಗೆರೆಯಣ್ಣನ ಕಣ್ಣು ನೋಡಿದರು. ಐವತ್ತೆಂಟರ ಒಂದೇ ಕಣ್ಣು. ಅವನು ಮೇಜಿನ ಮೇಲಿನ ನೀರಿನ ಲೋಟವನ್ನು ಸ್ವಲ್ಪ ಬಲಕ್ಕೆ ಸರಿಸಿ, ಮತ್ತೆ ಎಡಕ್ಕೆ ಸರಿಸಿ, "ನನ್ನ ಕಣ್ಣೇ ಇರಬೇಕು ಬಿಡಿ" ಅಂದಿದ್ದ. ಎಷ್ಟು ಸುಲಭವಾಗಿ ಅಂದನೆಂದರೆ ಸಭೆಯಲ್ಲಿ ಎಲ್ಲರಿಗೂ ಜೀವ ಬಂದಂತಾಗಿ ಯಾರೋ ಕಿಟಕಿ ತೆರೆದರು. ಮರುವಾರ ಅವನನ್ನು ಸಾಮಾನು ಕೋಣೆಗೆ ಹಾಕಿದರು. ಅಂದಿನಿಂದ ಅವಳು ಕೈಗವಸಿಗೆ, ಒರೆಸುವ ಬಟ್ಟೆಗೆ, ಸ್ಪಿರಿಟ್ಟಿಗೆ ಅವನ ಕಿಂಡಿಯ ಮುಂದೆ ಹೋಗಿ ನಿಲ್ಲಬೇಕು. ಅವನು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿ, ಎದ್ದುಹೋಗಿ, ತಂದು, ಅವಳ ಮುಂದೆ ಇಡಬೇಕು.

ಪುಸ್ತಕದಲ್ಲಿದ್ದ ಆ ದಿನಾಂಕದಂದು ಕೊಪ್ಪರಿಗೆ ಶುಚಿ ಮಾಡಿರಲಿಲ್ಲ. ಆ ವಾರ ಮಗಳಿಗೆ ಜ್ವರ ಇಳಿದಿರಲಿಲ್ಲ, ಅವಳು ಬೇಗ ಮನೆಗೆ ಓಡಬೇಕಿತ್ತು. ಮಾಡಿದ ಹಾಗೆ ಪುಸ್ತಕದಲ್ಲಿ ಗೀಚಿ, ನಾಳೆ ಮಾಡಿದರಾಯಿತು ಎಂದುಕೊಂಡಿದ್ದಳು. ನಾಳೆ ಬಂದು ಹೋಯಿತು. ಗೆರೆಯಣ್ಣ ಸಾಮಾನು ಕೋಣೆಗೆ ಹೋಗಿ ನಾಲ್ಕು ತಿಂಗಳಾದ ಮೇಲೆ, ಪದರದ ದಪ್ಪ ಅಳೆಯುವ ಕ್ರಿಸ್ಟಲ್ ಬದಲಿಸಲು ಹಿಡಿಕೆ ಬಿಚ್ಚಿದಾಗ, ಕೊಪ್ಪರಿಗೆಯ ಗೋಡೆಯಿಂದ ಕಳಚಿದ್ದ ಹಳೆಯ ಪದರದ ಸಿಪ್ಪೆಯೊಂದು, ಕಿರುಬೆರಳ ಉಗುರಿನ ಅರ್ಧದಷ್ಟು, ಕ್ರಿಸ್ಟಲಿನ ಅಡಿಯಿಂದ ಜಾರಿ ಅವಳ ಕೈಗವಸಿನ ಮೇಲೆ ಬಿತ್ತು. ಎಷ್ಟು ಹಗುರ ಅಂದರೆ ಬಿದ್ದದ್ದೇ ತಿಳಿಯಲಿಲ್ಲ. ಅಷ್ಟು ದಿನವೂ ಕ್ರಿಸ್ಟಲ್ ತಪ್ಪು ಹೇಳಿತ್ತು. ಅವಳು ಕೂರಿಸಿದ ಪದರ ಒಂದು ದಿನ ದಪ್ಪ, ಒಂದು ದಿನ ತೆಳು. ಗೆರೆಯಣ್ಣ ದೇವರೇ ಆಗಿದ್ದರೂ ಅದರ ಮೇಲೆ ನೇರ ಸಾಲು ಏಳುತ್ತಿರಲಿಲ್ಲ. ಮರುದಿನದಿಂದ ಬಿಲ್ಲೆಗಳು ಸರಿಯಾದವು. ಗೆರೆಯಣ್ಣನ ಜಾಗಕ್ಕೆ ಹೊಸದಾಗಿ ಬಂದು, ಕೈ ಇನ್ನೂ ಪಳಗಿಲ್ಲ ಎನಿಸಿಕೊಂಡಿದ್ದ ಲೇಸರಿನ ಹುಡುಗಿಯ ಕೈಯನ್ನು ಎಲ್ಲರೂ ಕುಲುಕಿದರು, ಇವಳೂ ಕುಲುಕಿದಳು. ರಾತ್ರಿ ಊಟವಾದ ಮೇಲೆ ಗಂಡನಿಗೆ ಹೇಳಿದ್ದಳು. ಅವನು ಮರುದಿನದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಕಾಲರಿನ ತುದಿಯನ್ನು ಜಾಗ್ರತೆಯಾಗಿ ಒತ್ತಿ, "ಸಾಮಾನು ಕೋಣೇಲಿ ಆರಾಮಾಗಿದಾರೆ ಅಂತ ನೀನೇ ಹೇಳ್ತಿದ್ದೆಯಲ್ಲ. ಈಗ ಕೆದಕಿ ಯಾರಿಗೆ ಏನು ಸಿಗುತ್ತೆ?" ಎಂದ. ಅವಳಿಗೆ ಬೇಕಾಗಿದ್ದೂ ಅದೇ ಮಾತು. ಅದನ್ನು ಕೇಳಲಿಕ್ಕೆಂದೇ ಅವನಿಗೆ ಹೇಳಿದ್ದಳು. ಬೇರೆ ಯಾರಿಗಾದರೂ ಹೇಳಿದ್ದರೆ ಬೇರೆ ಮಾತು ಬರುತ್ತಿತ್ತು ಎಂಬುದು ಗೊತ್ತಿದ್ದೇ ಹೇಳಿದ್ದಳು.

ಅಂಕಿ ಇಳಿದು ನಿಂತಿತು. ಅವಳು ಕೆಲಸ ಶುರುಮಾಡಲಿಲ್ಲ. ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಮುಖ್ಯಸ್ಥರ ಕೋಣೆಗೆ ನಡೆದಳು.

ಅವರು ಫೋನಿನಲ್ಲಿದ್ದರು. ಕೂರಿ ಎಂದು ಕೈಸನ್ನೆ ಮಾಡಿದರು. ಕೂರಲು ಇದ್ದ ಒಂದೇ ಕುರ್ಚಿಯ ಮೇಲೆ ಬಣ್ಣದ ಕಾಗದ ಸುತ್ತಿದ ಉಡುಗೊರೆ ಇತ್ತು. ಅದನ್ನು ತೆಗೆದಿಡಲೋ ಬೇಡವೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದು ನಿಂತಳು. ಫೋನು ಇಟ್ಟವರೇ, "ಗೋಡೆ ಗಡಿಯಾರ. ಅಂಕಿ ದೊಡ್ಡದಾಗಿರೋದು ನೋಡಿ ತರಿಸಿದೆ, ಪಾಪ" ಎಂದರು. ಅವಳು ಹೇಳಿದಳು. ಬಸ್ಸಿನಲ್ಲಿ ಎರಡೇ ಮಾತಿದ್ದದ್ದು ಇಲ್ಲಿ ಉದ್ದವಾಯಿತು. ಸಿಪ್ಪೆ, ಕ್ರಿಸ್ಟಲ್, ಮಗಳ ಜ್ವರ, ಪುಸ್ತಕದ ಸಹಿ. ಜ್ವರದ ವಿಷಯ ತೆಗೆಯಬಾರದಿತ್ತು ಎಂದು ತೆಗೆದ ಮೇಲೆ ಅನಿಸಿತು. ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಕೇಳಿದರು.

"ನೀವು ಹೇಳೋದು ಸರಿ ಇರಬಹುದು" ಅಂದರು ಕೊನೆಗೆ. "ಆದ್ರೆ ಅದೊಂದೇ ಕಾರಣ ಅಂತ ಹೇಗೆ ಹೇಳ್ತೀರಿ? ಆವತ್ತಿನ ಫಿಲ್ಮು ಈಗ ಇಲ್ಲ. ಅವರ ಕಣ್ಣೂ ಹಾಗೇ ಇತ್ತಲ್ಲ."

"ಅವರ ಕಣ್ಣು ಚೆನ್ನಾಗಿತ್ತು ಸರ್."

"ಅವರೇ ಒಪ್ಪಿಕೊಂಡ್ರು. ನಾನು ಬರೆದು ಕಳಿಸಿದೀನಿ ಮೇಲಕ್ಕೆ, ದೃಷ್ಟಿದೋಷದ ಕಾರಣ ಅಂತ. ಎರಡು ವರ್ಷ ಆಯ್ತು. ಈಗ ಹೋಗಿ ಅಲ್ಲ ಅಂದ್ರೆ ನೋಡೋರಿಗೆ ಹೇಗಿರುತ್ತೆ ಹೇಳಿ." ಆಮೇಲೆ ದನಿ ತಗ್ಗಿಸಿ, ನಿಜವಾದ ಮರುಕದಿಂದ, "ನೀವು ಎಲ್ಲಾನೂ ಮನಸ್ಸಿಗೆ ಹಚ್ಕೋತೀರಿ. ಒಳ್ಳೇ ಗುಣನೇ. ಆದ್ರೆ ಇವತ್ತು ಅವರ ದಿನ. ಖುಷಿಯಾಗಿ ಕಳಿಸಿಕೊಡೋಣ. ಎರಡೇ ಮಾತು, ಚುಟುಕಾಗಿ."

ಅವಳು ಆಗಲಿ ಸರ್ ಎಂದಳು. ಆ ಪದ ಅವಳ ಬಾಯಿಂದ ಎಷ್ಟು ಚುರುಕಾಗಿ ಹೊರಬಿತ್ತೆಂದರೆ, ಕಾರಿಡಾರಿನಲ್ಲಿ ಅರ್ಧ ದೂರ ಬಂದ ಮೇಲೆಯೇ ಅದು ತನ್ನದೆಂದು ಗೊತ್ತಾಯಿತು. ಬೈದಿದ್ದರೆ ಚೆನ್ನಾಗಿತ್ತು. ಕೆಲಸದಿಂದ ತೆಗೆಯುತ್ತೇನೆ ಅಂದಿದ್ದರೆ, ಅಯ್ಯೋ ಎನ್ನಲಿಕ್ಕಾದರೂ ಒಂದು ಜಾಗ ಇರುತ್ತಿತ್ತು. ಮನಸ್ಸಿಗೆ ಹಚ್ಚಿಕೊಳ್ಳುತ್ತಾಳಂತೆ. ಇಪ್ಪತ್ತು ತಿಂಗಳು ಹಚ್ಚಿಕೊಳ್ಳದೆ ಇದ್ದವಳು, ದಿನವೂ ಅವನ ಕಿಂಡಿಯ ಮುಂದೆ ನಿಂತು ಹವೆಯ ಮಾತಾಡಿ, ಕೈಗವಸು ಇಸಿದುಕೊಂಡು, ಥ್ಯಾಂಕ್ಸ್ ಅಣ್ಣ ಎಂದು ಬಂದವಳು.

ನಾಲ್ಕಕ್ಕೆ ಸಭೆಯ ಕೋಣೆಯಲ್ಲಿ ಜನ ಸೇರಿದರು. ಗೆರೆಯಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಫೋಟೋ ತೆಗೆಸಿಕೊಳ್ಳುವವನ ಹಾಗೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ. ಅವನನ್ನು ಅಣ್ಣ ಎನ್ನುವ ಇವಳಿಗೆ ಆಕೆ ಅತ್ತಿಗೆ, ನೋಡಿ ನಾಲ್ಕೈದು ವರ್ಷವಾಗಿತ್ತು. ಖಾಲಿಯಿದ್ದ ಪಕ್ಕದ ಕುರ್ಚಿಯನ್ನು ಅತ್ತಿಗೆಯೇ ತಟ್ಟಿ ಕರೆದಳು. ಮುಖ್ಯಸ್ಥರು ಮಾತಾಡುತ್ತಿರುವಾಗಲೇ ಅವಳ ಕಿವಿಗೆ ಬಾಗಿ ಪಿಸುಗುಟ್ಟತೊಡಗಿದಳು, ಮನೆಯ ಮಾತು ಆಡಲಿಕ್ಕೆ ಬಹಳ ದಿನದಿಂದ ಯಾರೂ ಸಿಗದವಳ ಹಾಗೆ.

"ನಿಮ್ಮನ್ನ ಕಂಡ್ರೆ ಇವರಿಗೆ ತುಂಬಾ ಇಷ್ಟ. ತಂಗಿ ಹಾಕಿದ ಫಿಲ್ಮು ರೇಷ್ಮೆ ಇದ್ದಂಗೆ ಅಂತಿದ್ರು. ಆ ಕೋಣೆ ಬಿಟ್ಟ ಮೇಲೆ ಮಾತೇ ಕಮ್ಮಿ ಆಯ್ತು ನೋಡಿ. ಕೊನೆಗೆ ಆಪರೇಷನ್ ಹಠ ಹಿಡಿದ್ರು."

"ಕಣ್ಣಿಗೆ ಪೊರೆ ಬಂದಿತ್ತಲ್ವಾ ಅತ್ತಿಗೆ?"

"ಎಲ್ಲಿ ಬಂದಿತ್ತು? ಡಾಕ್ಟ್ರು ಹೇಳಿದ್ರು, ಇನ್ನೂ ಎಳೇದು, ಇರೋದು ಒಂದೇ ಕಣ್ಣು, ಮುಟ್ಟೋದು ಬೇಡ, ನಾಲ್ಕೈದು ವರ್ಷ ಏನೂ ಆಗಲ್ಲ ಅಂತ. ಇವರು ಕೇಳಬೇಕಲ್ಲ. ನನ್ನಿಂದ ಅಷ್ಟು ಬಿಲ್ಲೆ ಹಾಳಾಯ್ತು, ಕಣ್ಣು ಸರಿ ಮಾಡಿಸ್ಕೊಂಡು ರಿಟೈರಾಗೋ ಮುಂಚೆ ಒಂದ್ಸಲ ನೆಟ್ಟಗೆ ಗೆರೆ ಎಳೀತೀನಿ ಅಂತ ಮೂರು ಸಲ ಹೋಗಿ ಡಾಕ್ಟ್ರ ಕಾಲಿಗೆ ಬೀಳೋದೊಂದು ಬಾಕಿ. ಮಾಡಿದ್ರು. ಪೊರೆ ಹೋಯ್ತು, ಒಳಗೆ ನೀರು ತುಂಬ್ಕೊಂಡ್ತು. ಇಂಜೆಕ್ಷನ್ ಆಯ್ತು, ಹನಿ ಆಯ್ತು. ಈಗ ಬಾಗಿಲ ಚೌಕಟ್ಟು ಕೂಡ ಬಾಗಿದಂಗೆ ಕಾಣುತ್ತಂತೆ."

"ಯಾವಾಗ ಮಾಡಿಸಿದ್ದು?" ಎಂದು ಕೇಳಿದಳು. ಗೊತ್ತಿತ್ತು. ಹನ್ನೊಂದು ತಿಂಗಳ ಹಿಂದೆ ಅವನು ಕಪ್ಪು ಕನ್ನಡಕ ಹಾಕಿಕೊಂಡು ಕಿಂಡಿಯಲ್ಲಿ ಕೂತಿದ್ದಾಗ, ಸಿನಿಮಾ ಹೀರೋ ಥರ ಕಾಣ್ತೀರಿ ಅಣ್ಣ ಎಂದು ನಗೆಯಾಡಿದ್ದಳು. ವಯಸ್ಸಾದವರಿಗೆಲ್ಲ ಆಗುವ ಆಪರೇಷನ್ ಎಂದುಕೊಂಡಿದ್ದಳು. ಇಪ್ಪತ್ತರಲ್ಲಿ ಹನ್ನೊಂದು ಹೋದರೆ ಒಂಬತ್ತು. ಸಿಪ್ಪೆ ಕೈಗೆ ಸಿಕ್ಕ ಮೇಲೆ ಒಂಬತ್ತು ತಿಂಗಳು ಆ ಕಣ್ಣು ಇತ್ತು. ದಿನವೂ ಕಿಂಡಿಯಿಂದ ಅವಳನ್ನು ನೋಡುತ್ತಿತ್ತು. ಯಾವುದೇ ಒಂದು ಬೆಳಿಗ್ಗೆ, ಕೈಗವಸಿನ ಪಟ್ಟಿ ಕೊಡುವಾಗ, ಹೇಳಿದ್ದರೆ ಸಾಕಿತ್ತು.

ಅಷ್ಟರಲ್ಲಿ ಚಪ್ಪಾಳೆಯಾಯಿತು, ಮುಖ್ಯಸ್ಥರು ಅವಳ ಕಡೆ ಕೈ ತೋರಿಸಿದರು. ಅವಳು ಎದ್ದಳು. ಇಪ್ಪತ್ತು ಮುಖಗಳು ಆಗಲೇ ಅರ್ಧ ನಗುತ್ತ ತಯಾರಾಗಿದ್ದವು. "ಗೆರೆಯಣ್ಣ" ಎಂದಳು. ಅವನು ದನಿ ಬಂದ ಕಡೆಗೆ ಮುಖ ಎತ್ತಿದ. ಮುಂದಿನ ಪದಕ್ಕೆ ಬಾಯಿ ತೆರೆದಾಗ, ಆ ಪದಗಳನ್ನು ಇಲ್ಲಿ ಹೇಳಿದರೆ ಅವನೆದುರು ಮಾತ್ರವಲ್ಲ, ಈ ಹೆಂಗಸಿನೆದುರು ಹೇಳಬೇಕಾಗುತ್ತದೆ ಎಂಬುದು ಹೊಳೆಯಿತು. ನಾಲಿಗೆ ಅಲ್ಲೇ ನಿಂತಿತು. ಆ ನಿಲುಗಡೆಯನ್ನು ಜನ ದುಃಖವೆಂದು ತಿಳಿದರು. ಹಿಂದಿನ ಸಾಲಿನಲ್ಲಿ ಯಾರೋ ಚ್ಚು ಚ್ಚು ಎಂದರು. ಅವಳು ಹೇಳಿದ್ದು ಇಷ್ಟು: ಗೆರೆಯಣ್ಣನ ಹತ್ತಿರ ಒಂದು ಪೆನ್ಸಿಲ್ ಸಾಲ ತಗೊಂಡರೆ ಅವರು ಮೊದಲು ಅದನ್ನು ಚೂಪು ಮಾಡಿ ಕೊಡುತ್ತಿದ್ದರು. ಎಲ್ಲರೂ ನಕ್ಕರು. ಚಪ್ಪಾಳೆ ತಟ್ಟಿದರು. ಅವಳು ಕೂತಾಗ ಅತ್ತಿಗೆ ಅವಳ ಮೊಣಕೈ ಒತ್ತಿ, "ಚೆನ್ನಾಗಿ ಮಾತಾಡಿದ್ರಿ" ಅಂದಳು.

ಜನ ಚದುರುವಾಗ ಲೇಸರಿನ ಹುಡುಗಿ ಗೆರೆಯಣ್ಣನ ಮುಂದೆ ಬಂದು ನಿಂತು, ಸಂಕೋಚದಿಂದ, "ಸರ್, ಒಂದ್ಸಲ ಕೋಣೆ ನೋಡ್ಕೊಂಡು ಹೋಗಿ. ನಿಮ್ಮ ಕೈಯಲ್ಲಿ ಒಂದು ಬಿಲ್ಲೆ ಮಾಡಿಸ್ಬೇಕು ಅಂತ ಆಸೆ" ಎಂದಳು. ಅವನು ಬೇಡ ಎನ್ನುತ್ತಾನೆಂದು ಇವಳು ಅಂದುಕೊಂಡಿದ್ದಳು. ಅವನು ಆಗಲೇ ಎದ್ದಿದ್ದ. ಅತ್ತಿಗೆ ಮುಖ್ಯಸ್ಥರ ಜೊತೆ ಮಾತಿಗೆ ನಿಂತಳು. ಹುಡುಗಿ ಅವನ ತೋಳು ಹಿಡಿದುಕೊಂಡಳು, ಮೂವರೂ ಕೆಳಗಿಳಿದರು.

ಕೋಣೆಯ ತಂಪು, ಕೆಂಪು ದೀಪ, ಕಪ್ಪು ಪರದೆ. ಹುಡುಗಿ ಇಬ್ಬರಿಗೂ ಹಳದಿ ಕನ್ನಡಕ ಕೊಟ್ಟು, ಬಿಲ್ಲೆಯನ್ನು ಮೇಜಿನ ಹಿಡಿತಕ್ಕೆ ಕೂರಿಸಿದಳು. ಅದು ನಿನ್ನೆಯ ಫಿಲ್ಮು. ಇವಳೇ ಹಾಕಿದ್ದು, ದಪ್ಪವನ್ನು ಮೂರು ಸಲ ನೋಡಿ ಹಾಕಿದ್ದು. ಗೆರೆಯಣ್ಣ ಕುರ್ಚಿಯನ್ನು ಕೈಯಲ್ಲಿ ತಡವಿ, ಕೂತು, ಫೋಕಸಿನ ತಿರುಪಿಗೆ ಕೈ ಹಾಕಿದ. ಕಣ್ಣನ್ನು ಒತ್ತಲಿಲ್ಲ. ಕ್ಯಾಮೆರಾ ನೋಡಿ ಹುಡುಗಿ ಹೇಳುತ್ತ ಹೋದಳು, ಇನ್ನು ಸ್ವಲ್ಪ ಸರ್, ಸ್ವಲ್ಪ ಹಿಂದೆ, ಸಾಕು. ಅವನ ಎರಡು ಬೆರಳು ಅವಳ ಮಾತಿಗಿಂತ ಮೊದಲೇ ನಿಂತವು. ಲೇಸರ್ ಸಣ್ಣಗೆ ಚಿಟಚಿಟ ಎಂದು ಹರಿದು ಹೋಯಿತು. ಹುಡುಗಿ ಬಿಲ್ಲೆ ತೆಗೆದು, ದೀಪಕ್ಕೆ ಓರೆ ಹಿಡಿದು, "ವಾ" ಎಂದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಬಿಲ್ಲೆಯನ್ನು ಮೈಕ್ರೋಸ್ಕೋಪಿನ ಅಡಿ ಇಟ್ಟು, ನೋಡ್ತಿರಿ ಎಂದು ಹೊರಗೆ ಹೋದಳು.

ಇಬ್ಬರೇ ಉಳಿದರು. ಈಗ ಹೇಳದಿದ್ದರೆ ಇನ್ನಿಲ್ಲ ಎಂದು ಅವಳಿಗೆ ತಿಳಿಯಿತು, ಹೇಳಿಯೇಬಿಟ್ಟಳು. "ಅಣ್ಣ, ತಪ್ಪು ನನ್ನದು. ಆವತ್ತು ಕೆಟ್ಟಿದ್ದು ಫಿಲ್ಮು. ನಿಮ್ಮ ಕಣ್ಣಲ್ಲ." ಸಿಪ್ಪೆಯ ವಿಷಯ ಹೇಳಿದಳು, ಸುಳ್ಳು ಸಹಿಯ ವಿಷಯ ಹೇಳಿದಳು, ಗೊತ್ತಾದ ದಿನವನ್ನು ತಾರೀಖಿನ ಸಮೇತ ಹೇಳಿದಳು. ಜ್ವರದ ವಿಷಯ ಹೇಳಲಿಲ್ಲ.

ಗೆರೆಯಣ್ಣ ಹಳದಿ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. ನಕ್ಕ. "ಎಷ್ಟು ಒಳ್ಳೇವಳಮ್ಮ ನೀನು" ಎಂದ. "ಹೋಗೋ ದಿನ ನನಗೆ ನೋವಾಗಬಾರದು ಅಂತ ಇಷ್ಟೆಲ್ಲ ಕತೆ ಕಟ್ಟಿದೀಯ."

"ಕಟ್ಟಿಲ್ಲ ಅಣ್ಣ. ಸತ್ಯ. ಈ ಬಿಲ್ಲೆ ನೋಡಿ, ನಿಮ್ಮ ಕೈ ಇವತ್ತೂ ಸರಿ ಇದೆ. ನೋಡಿ."

ಅವನು ಬಾಗಿದ. ಬಲಗಣ್ಣನ್ನು ಹಿಂದಿನ ಹಾಗೆಯೇ, ಉಸಿರು ಹಿಡಿದು, ಒತ್ತಿದ. ಬಹಳ ಹೊತ್ತು ನೋಡಿದ. ತಲೆಯನ್ನು ಅತ್ತ ವಾಲಿಸಿ ನೋಡಿದ, ಇತ್ತ ವಾಲಿಸಿ ನೋಡಿದ. ಏಳುವಾಗ ಅವನ ಮುಖದಲ್ಲಿ ದುಃಖವೇನೂ ಇರಲಿಲ್ಲ, ಲೆಕ್ಕ ತಾಳೆಯಾಗದವನ ಒಂದು ಸಣ್ಣ ಸುಕ್ಕು ಮಾತ್ರ ಇತ್ತು.

"ಸೊಟ್ಟಗಿದೆ."

ಅವಳು ಬಾಗಿ ನೋಡಿದಳು. ಸಾಲುಗಳು ಒಂದರ ಪಕ್ಕ ಒಂದು, ಈ ಅಂಚಿನಿಂದ ಆ ಅಂಚಿನವರೆಗೆ, ಎಲ್ಲೂ ಬಾಗದೆ, ಎಲ್ಲೂ ತುಂಡಾಗದೆ ಹೋಗಿದ್ದವು. ಇಷ್ಟು ನೇರವಾದದ್ದನ್ನು ಅವಳು ಈ ಎರಡು ವರ್ಷದಲ್ಲಿ ನೋಡಿರಲಿಲ್ಲ. "ನೇರ ಇದೆ ಅಣ್ಣ. ದಾರ ಕಟ್ಟಿದ ಹಾಗಿದೆ. ನಿಮಗೆ ಹಾಗೆ ಕಾಣೋದು ಆಪರೇಷನ್ ಆದ ಮೇಲೆ. ಆವತ್ತು ನಿಮ್ಮ ಕಣ್ಣು ಚೆನ್ನಾಗಿತ್ತು."

"ಇರಬಹುದು" ಎಂದ ಅವನು. ಕೋಪವಿಲ್ಲದೆ, ಕಿಂಡಿಯಲ್ಲಿ ಕೂತು ಸಾಮಾನು ಮುಗಿದಿದೆ ಎಂದು ಹೇಳುವ ದನಿಯಲ್ಲೇ ಹೇಳಿದ. "ನೀನು ಹೇಳೋದು ನಿಜಾನೇ ಇರಬಹುದು ತಂಗಿ. ಆಗ ಹೇಳಿದ್ದಿದ್ರೆ ನಾನೇ ಒಂದು ಬಿಲ್ಲೆ ನೋಡಿ ಹೌದೋ ಅಲ್ವೋ ತಿಳ್ಕೋತಿದ್ದೆ. ಈಗ ಯಾವುದರಿಂದ ನೋಡ್ಲಿ?"

ಅವಳು ಉತ್ತರ ಹುಡುಕಿದಳು. ಫೋಟೋ ತೆಗೆಸಿ ದೊಡ್ಡದು ಮಾಡಿ ತೋರಿಸಬಹುದು. ಅದನ್ನೂ ನೋಡಬೇಕಾದದ್ದು ಅದೇ ಕಣ್ಣು. ಅಂಕಿಯಲ್ಲಿ ಅಳೆದು ಓದಿ ಹೇಳಬಹುದು. ಓದುವವಳು ಅವಳು, ಸುಳ್ಳು ಸಹಿ ಹಾಕಿದವಳು. ಹುಡುಗಿಯನ್ನು ಕರೆದು ಕೇಳಬಹುದು. ಅಷ್ಟರಲ್ಲಿ ಹುಡುಗಿಯೇ ಬಂದು, ಬಾಗಿ, "ಎಷ್ಟು ಚೆನ್ನಾಗಿ ಬಂದಿದೆ ಸರ್!" ಎಂದಳು. ಗೆರೆಯಣ್ಣ, ಹೊಸದಾಗಿ ಮಾತು ಕಲಿತ ಮಗು ಹಾಡು ಹೇಳಿದಾಗ ನಗುವ ಹಾಗೆ, ಅವಳ ಕಡೆ ನಕ್ಕು ತಲೆಯಾಡಿಸಿದ. ಇಬ್ಬರೂ ಸೇರಿ ಮಾತಾಡಿಕೊಂಡಿದ್ದಾರೆ ಎಂದು ಅವನು ತೀರ್ಮಾನಿಸಿದ್ದು ಆ ನಗುವಿನಲ್ಲಿ ಕಾಣುತ್ತಿತ್ತು. ಇಷ್ಟು ಪ್ರೀತಿಯಿಂದ ಯಾರೂ ಅವಳ ಮಾತನ್ನು ತಳ್ಳಿಹಾಕಿರಲಿಲ್ಲ.

ಕಾರಿಡಾರಿನಲ್ಲಿ ಅತ್ತಿಗೆ ಗಡಿಯಾರದ ಪೊಟ್ಟಣವನ್ನು ಎರಡು ಕೈಯಲ್ಲೂ ಅಪ್ಪಿ ನಿಂತಿದ್ದಳು. "ರೀ, ಹೊತ್ತಾಯ್ತು" ಎಂದಳು; ಆಮೇಲೆ ಅವಳ ಕಡೆ ತಿರುಗಿ, "ನನ್ನ ಕೈ ಖಾಲಿ ಇಲ್ಲ, ಒಂಚೂರು ಮೆಟ್ಟಿಲು ಇಳಿಸಿ ಬಿಡ್ತೀರಾ? ಮೆಟ್ಟಿಲ ಅಂಚು ಗೊತ್ತಾಗಲ್ಲ ಇವರಿಗೆ." ಗೆರೆಯಣ್ಣ ಕೇಳದೆಯೇ ಕೈ ಚಾಚಿದ. ಅವಳು ಹಿಡಿದಳು. ಹತ್ತೊಂಬತ್ತು ವರ್ಷದಲ್ಲಿ ಆ ಕೈ ಮುಟ್ಟಿದ್ದು ಅದೇ ಮೊದಲು. ಒಣಗಿ, ಬೆಚ್ಚಗೆ, ನಡುಕವೇ ಇಲ್ಲದೆ ಇತ್ತು. ಅತ್ತಿಗೆ ಮುಂದೆ ಇಳಿದು ಹೋದಳು. ಇವಳು ಒಂದೊಂದೇ ಮೆಟ್ಟಿಲು ಎಣಿಸುತ್ತ ಇಳಿಸಿದಳು, ಒಂದು ಅಣ್ಣ, ಎರಡು, ಇಲ್ಲಿ ತಿರುವು, ಮೂರು. ಅವನು ವಿಧೇಯನಾಗಿ ಪ್ರತಿ ಎಣಿಕೆಗೂ ಹೂಂ ಎನ್ನುತ್ತಿದ್ದ. ನಾಳೆಯಿಂದ ಬೆಳಿಗ್ಗೆ ಹೊತ್ತು ಹೇಗೆ ಕಳೆಯುವುದೋ ಗೊತ್ತಿಲ್ಲ ಎಂದ, ರೇಡಿಯೋ ಇದೆ ಎಂದ. ಹನ್ನೆರಡನೆಯದು ಇಳಿದಾಗ ಅವಳು, "ಆಯ್ತು ಅಣ್ಣ. ಇನ್ನು ಮೆಟ್ಟಿಲಿಲ್ಲ, ನೆಲ" ಎಂದಳು.

"ಹೂಂ" ಎಂದ ಗೆರೆಯಣ್ಣ. ಆದರೂ ಅಲ್ಲೇ ನಿಂತು, ಬಲಗಾಲನ್ನು ಮುಂದೆ ಚಾಚಿ, ಬೂಟಿನ ತುದಿಯಿಂದ ನೆಲವನ್ನು ಒಮ್ಮೆ ತಟ್ಟಿ, ಇನ್ನೊಮ್ಮೆ ತಟ್ಟಿ, ಆಮೇಲೆ ಮೈಭಾರ ಬಿಟ್ಟ.